ಬ್ಯಾಟ್ರಿ ಡೌನ್, ಮಂದಿ ಫುಲ್ ಚಾರ್ಜ್

ಕರೆಂಟು ಕಣ್ಣಿಗಿ ಕಾಣೂದಿಲ್ಲ. ಅದಕ್ಕ ಅದರ ಬಗ್ಗೆ ಎಲ್ಲಾರಿಗೂ ಎಲ್ಲಾ ಗೊತ್ತಿರತೈತಿ. ಎಂಜಿನ್ ಬಿಚ್ಚಿ ಕುಂತ್ರ ಮಂದಿ ದೂರ ನಿಲ್ಲತಾರ, ಎಣ್ಣಿ ಉಟ್ಟ ಅರಿವಿಗಿ ಹತ್ತೀತು ಅಂತ. ಹೆಡ್‌ಲೈಟ್ ಆರಿತು ಅಂದ್ರ ಮಾತ್ರ ಹಾದಿಗಿ ಹೋಗಾವ್ರೂ ನಿಂತು, "ಕಾಯಿಲ್ ಹೋಗೇತಿ ನೋಡ್ರಿ" ಅಂತ ಹೇಳಿ ಮುಂದ ಹೋಗತಾರ. ಯಾವ ಕಾಯಿಲ್, ಎಲ್ಲಿಗಿ ಹೋಗೇತಿ, ಅವರಿಗೂ ಗೊತ್ತಿರೂದಿಲ್ಲ.

ನಾನು ಮೋಟರ್‌ಸೈಕಲ್ ವಾಯರಿಂಗ್ ಕೆಲಸ ಮಾಡಾಂವ. ಇಂಡಿಯೊಳಗ ಕೆಲಸ ಕಲ್ತೆ, ಸಿಂದಗಿಯೊಳಗ ಇನ್ನೊಬ್ಬರ ಅಂಗಡ್ಯಾಗ ಕೈ ಕುದುರಿಸ್ಕೊಂಡೆ, ಸ್ವಲ್ಪ ದಿನ ಮುದ್ದೇಬಿಹಾಳದಾಗ ಇದ್ದೆ, ಈಗ ಬಸವನ ಬಾಗೇವಾಡಿಯೊಳಗ ನನ್ನದೇ ಅಂಗಡಿ ಐತಿ. ಊರು ಬದಲಿ ಆದ್ವು, ಗಾಡಿ ಮಾಡೆಲ್ ಬದಲಿ ಆದ್ವು, ಮಂದಿ ಮಾತ್ರ ಎಲ್ಲಾ ಕಡೆ ಒಂದ ನಮೂನಿ. ದಿನಾ ಏನರೆ ಒಂದು ನಡದ ನಡೀತೈತಿ. ಸಂಜಿಕ ಮನಿಗಿ ಹೋಗಿ ಹೇಳಿದ್ರ ನಮ್ಮವ್ವ ನಕ್ಕು ನಕ್ಕು ಕಣ್ಣು ಒರಸ್ಕೋತ, "ನೀ ಕೆಲಸಕ್ಕ ಹೋಗತೀಯೋ ನಾಟಕ ನೋಡಾಕ ಹೋಗತೀಯೋ?" ಅಂತ ಕೇಳತಿದ್ಲು.

ಎಡಕ್ಕ ಹೊಳ್ಳದ ಗಾಡಿ

ಇಂಡಿಯೊಳಗ ನಿಂಬಿಹಣ್ಣಿನ ವ್ಯಾಪಾರ ಮಾಡೋ ಒಬ್ಬ ಮನಷ್ಯಾ ಇದ್ದ. ಒಂದಿನ ಹೆಂಡತಿನ್ನ ಹಿಂದ ಕುಂಡ್ರಿಸ್ಕೊಂಡು ಅಂಗಡಿಗಿ ಬಂದ. ಬಂದ ಅನ್ನೂದಕಿಂತ ಆಕಿ ಅವನ್ನ ಕರ್ಕೊಂಡು ಬಂದ್ಲು ಅನ್ನೂದು ಖರೆ. ಆಕಿ ಗಾಡಿಯಿಂದ ಇಳಿದು ಸೆರಗು ಸೊಂಟಕ್ಕ ಸಿಗಸಿ ನಿಂತ್ಲು. ಇಂವ ಮಾತ್ರ ಗಾಡಿ ಮ್ಯಾಲೆ ಕುಂತ.

"ಏನಾಗೇತ್ರಿ ಗಾಡಿಗಿ?" ಅಂತ ಕೇಳಿದೆ.

"ಏನೂ ಆಗಿಲ್ರಿ, ಗಾಡಿ ಬೆಣ್ಣಿ ಆದಂಗ ಐತಿ. ಎಡಕ್ಕ ಹೊಳ್ಳಿಸಿದ್ರ ಅಷ್ಟ ಬಂದ್ ಬೀಳತೈತಿ."

"ಎಷ್ಟ ದಿನದಿಂದ?"

"ದೀಪಾವಳಿ ಆದ ಮ್ಯಾಲಿಂದ ಇರಬೇಕ್ರಿ."

ಆಗ ಯುಗಾದಿ ಹತ್ರ ಬಂದಿತ್ತು. ನನಗ ಆಶ್ಚರ್ಯ ಆತು. "ಮತ್ತ ಇಷ್ಟ ದಿನ ಹೆಂಗ ಅಡ್ಡಾಡಿದ್ರಿ?"

"ಅದರಾಗೇನೈತ್ರಿ? ಬಲಕ್ಕ ಹೊಳ್ಳೂದು, ಮತ್ತ ಬಲಕ್ಕ ಹೊಳ್ಳೂದು, ಮತ್ತೊಮ್ಮಿ ಬಲಕ್ಕ ಹೊಳ್ಳಿದ್ರ ಎಡಕ್ಕ ಹೋಗಿ ಬೀಳತೇವಿ. ರೂಢಿ ಆಗೇತಿ."

ಆಗ ಹೆಂಡತಿ ಬಾಯಿ ತಗದ್ಲು. "ಹಿಂಗ ಸುತ್ತಿ ಸುತ್ತಿ ಊರೆಲ್ಲಾ ತಿರಗತಾರ್ರಿ ಮಿಸ್ತ್ರಿ. ಪ್ಯಾಟಿಗಿ ಹೋಗತಾರ, ಗೆಳ್ಯಾರ ಕಡೆ ಹೋಗತಾರ. ನಮ್ಮ ತವರ ಮನಿ ಓಣಿಗಿ ಅಷ್ಟ ಬಲಗಡೆಯಿಂದ ಹಾದಿ ಇಲ್ಲಂತ!"

ನಾನು ತಲಿ ತಗ್ಗಿಸಿ ಕೆಲಸಕ್ಕ ಹತ್ತಿದೆ. ಗಂಡಾ ಹೆಂಡತಿ ನಡುವ ಮಿಸ್ತ್ರಿ ಬಾಯಿ ಹಾಕಬಾರದು. ಹ್ಯಾಂಡಲ್ ಹೊಳ್ಳೂ ಜಾಗಾದಾಗ ವಾಯರಿನ ಗಂಟು ದಿನಾ ಬಗ್ಗಿ ಬಗ್ಗಿ, ಮ್ಯಾಲಿನ ಪ್ಲಾಸ್ಟಿಕ್ ನೆಟ್ಟಗಿದ್ರೂ ಒಳಗಿನ ತಂತಿ ಹರದಿತ್ತು. ಹ್ಯಾಂಡಲ್ ಬಲಕ್ಕ ಇದ್ದಾಗ ತುದಿ ತುದಿ ಮುಟ್ಟತಿದ್ವು, ಎಡಕ್ಕ ಎಳದ್ರ ಬಿಡತಿದ್ವು. ತಂತಿ ಕೂಡಿಸಿ, ಬೆಸದು, ಟೇಪ್ ಸುತ್ತಿ, ಹ್ಯಾಂಡಲ್ ಪೂರ್ತಿ ಎಡಕ್ಕ ತಿರುಗಿಸಿ ತೋರಿಸಿದೆ. ಎಂಜಿನ್ ಗುರ್ ಅನ್ಕೋತ ನಡದ ಇತ್ತು. ಆ ಮನಷ್ಯಾನ ಮಾರಿ ಮಾತ್ರ ಬಂದ್ ಬಿತ್ತು. ಹೆಂಡತಿ ಜಿಗದು ಹಿಂದ ಕುಂತು, "ನಡ್ರಿ, ಎಡಕ್ಕ!" ಅಂದ್ಲು.

ನಾಕ ದಿನ ಬಿಟ್ಟು ಆ ಹೆಣಮಗಳು ಒಬ್ಬಾಕೀನ ನಡಕೊಂಡು ಅಂಗಡಿ ಮುಂದ ಬಂದ್ಲು. ಕೆಲಸ ಕೆಡ್ತೇನಪಾ ಅಂತ ನನಗ ಹೆದರಕಿ ಆತು. ಆಕಿ ಆ ಕಡೆ ಈ ಕಡೆ ನೋಡಿ, ದನಿ ಸಣ್ಣ ಮಾಡಿ, "ಮಿಸ್ತ್ರಿ, ಬಲಕ್ಕ ಹೊಳ್ಳಿದ್ರ ಬಂದ್ ಬೀಳೂ ಹಂಗ ಮಾಡಾಕ ಬರತೈತೇನ್ರಿ? ಇಸ್ಪೀಟ್ ಆಡೋ ಕಟ್ಟಿ ಬಲಕ್ಕೈತಿ" ಅಂದ್ಲು.

ಟಕ್ ಟಕ್

ಈಗ ಫೋನ್ ಬಂದ ಮ್ಯಾಲೆ ಗಾಡಿ ಅಂಗಡಿಗಿ ಬರೂದಿಲ್ಲ, ಗಾಡಿ ಶಬ್ದ ಬರತೈತಿ. "ಸ್ವಲ್ಪ ಕೇಳಿ ಹೇಳ್ರಿ" ಅಂತ ಫೋನ್ ತಗೊಂಡು ಎಂಜಿನ್ನಿಗಿ ಹಿಡೀತಾರ. ಡಾಕ್ಟರ್ ಆದ್ರ ನಾಲಿಗಿ ತೋರಸು ಅಂತ ಕೇಳಬಹುದು, ನಾವು ಏನ ಕೇಳೂದು?

ಇಂಡಿಯೊಳಗ ಇದ್ದಾಗ ಝಳಕಿ ಕಡೆಯಿಂದ ಒಬ್ಬ ಗಿರಾಕಿ ಫೋನ್ ಮಾಡಿದ. ಹೈವೇ ಬಾಜೂ ಚಹಾದ ಹೋಟೆಲ್ ಮುಂದ ಗಾಡಿ ನಿಂತೈತಿ, ಸೆಲ್ಫ್ ಒತ್ತಿದ್ರೂ ಚಾಲೂ ಆಗವಲ್ದು, ಮುಂದ ಒಂದು ಲಗ್ನಕ್ಕ ಹೋಗಬೇಕು, ಅಕ್ಕಿಕಾಳಿನ ಹೊತ್ತಾತು ಅಂತ ಅಳೂ ದನ್ಯಾಗ ಹೇಳಿದ.

ನಾನು ದೊಡ್ಡ ಮಿಸ್ತ್ರಿ ಗತಿ, "ಫೋನ್ ಗಾಡಿ ಹತ್ರ ಹಿಡಿ, ಸೆಲ್ಫ್ ಒತ್ತು" ಅಂದೆ. ಹಿಡದ. "ಟಕ್ ಟಕ್ ಟಕ್ ಟಕ್" ಅಂತ ಸ್ವಚ್ಛ ಕೇಳಿಸ್ತು.

"ಬ್ಯಾಟ್ರಿ ಕುಂತೈತಿ ತಮ್ಮಾ" ಅಂದೆ. "ಬ್ಯಾಟ್ರಿಯೊಳಗ ಶಕ್ತಿ ಇಲ್ಲ ಅಂದ್ರ ರಿಲೇ ಹಿಂಗ ಟಕ್ ಟಕ್ ಬಡಕೋತೈತಿ. ಎಲ್ಲೆರೆ ಬ್ಯಾಟ್ರಿ ಕಡಾ ತಂದು ಹಚ್ಚು."

ಪಾಪ, ಅವ ಹೋಟೆಲ್ ಹಿಂದ ನಿಂತ ಒಂದು ಗಾಡಿ ಮಾಲಕನ ಕಾಲ ಹಿಡದು ಬ್ಯಾಟ್ರಿ ಬಿಚ್ಚಿಸ್ಕೊಂಡು ಬಂದು ಹಚ್ಚಿದ. ಮತ್ತ ಫೋನ್. ಮತ್ತ ಅದ ಶಬ್ದ. "ಟಕ್ ಟಕ್ ಟಕ್."

"ಅದೂ ಬ್ಯಾಟ್ರಿ ಕುಂತೈತಿ" ಅಂದೆ, ಧೈರ್ಯದಿಂದ.

"ಇದು ಈಗ ಓಡಿಕೋತ ಬಂದ ಗಾಡಿದ್ರಿ!"

"ಹಂಗಾರ ವಿಡಿಯೋ ಹಚ್ಚು" ಅಂದೆ. ಹಚ್ಚಿದ. ಮೊದಲು ಅವನ ಮೂಗು ಕಾಣಿಸ್ತು, ಆಮ್ಯಾಗ ಆಕಾಶ ಕಾಣಿಸ್ತು, ಆಮ್ಯಾಗ ಗಾಡಿ ಹ್ಯಾಂಡಲ್ ಕಾಣಿಸ್ತು. ಬಲಗೈ ಕಡೆ ಎಂಜಿನ್ ಬಂದ್ ಮಾಡೋ ಕೆಂಪು ಸ್ವಿಚ್ ಆಫ್ ಆಗಿತ್ತು. ಯಾರೋ ಹುಡುಗ್ರು ಆಟಕ್ಕ ಒತ್ತಿರಬೇಕು. ಆ ಸ್ವಿಚ್ ಆಫ್ ಇದ್ರ ಸೆಲ್ಫ್ ಉಸರೂ ಬಿಡೂದಿಲ್ಲ. ಮತ್ತ ಈ ಟಕ್ ಟಕ್ ಎಲ್ಲಿಂದ?

ಫೋನ್ ಸ್ವಲ್ಪ ಬಾಜೂ ತಿರಗಿತು. ಗಾಡಿ ಹಿಂದ ಕಟ್ಟಿ ಮ್ಯಾಲೆ ಹೋಟೆಲ್ಲಿನಾಂವ ಕುಂತು ಭಜಿಗಿ ಉಳ್ಳಾಗಡ್ಡಿ ಹೆಚ್ಚಾಕತ್ತಿದ್ದ. ಟಕ್ ಟಕ್ ಟಕ್. ಅವ ಫೋನಿನ್ಯಾಗ ನನ್ನ ಮಾರಿ ನೋಡಿ, "ಮಿಸ್ತ್ರಿ, ನೀವು ಎರಡು ಸಲ ನನಗ ಬ್ಯಾಟ್ರಿ ಕುಂತೈತಿ ಅಂದ್ರಿ. ನಾ ಬೆಳಿಗ್ಗೆ ಎರಡು ರೊಟ್ಟಿ ಜಡದು ಬಂದೇನಿ, ಫುಲ್ ಅದೇನಿ" ಅಂದ.

ಮಾಸ್ತರ ಬ್ಯಾಟ್ರಿ

ಸಿಂದಗಿಯೊಳಗ ಕೆಲಸ ಮಾಡುವಾಗ ಒಬ್ಬ ಸಾಲಿ ಮಾಸ್ತರ್ ಬರತಿದ್ರು. ಶಾಂತ ಮನಷ್ಯಾ. ಅಂಥಾ ಶಾಂತ ಮನಷ್ಯಾನ ತಲಿ ಒಂದು ಬ್ಯಾಟ್ರಿ ಕೆಡಿಸಿತ್ತು. ಸಂಜಿಕ ಮನಿಗಿ ಹೋಗೂತನ ಗಾಡಿ ಚಲೋ, ಮುಂಜಾನೆ ಸೆಲ್ಫ್ ಒತ್ತಿದ್ರ ಸತ್ತು ಬಿದ್ದಿರತಿತ್ತು. ಸಾಲಿಗಿ ತಡಾ ಆಗಿ ಹುಡುಗರ ಮುಂದ ಬೆವರು ಒರಸ್ಕೋತ ಹೋಗಿ ನಿಲ್ಲೂದು ಅವರಿಗಿ ಸಾವು ಆದಂಗ ಆಗಿತ್ತು. ಬ್ಯಾಟ್ರಿ ಅಂಗಡಿಯವನ ಕೂಡ ಜಗಳಾಡಿ ಬ್ಯಾಟ್ರಿ ಬದಲಿ ಮಾಡಿಸಿದ್ರು, ಮತ್ತ ಜಗಳಾಡಿ ಮತ್ತ ಬದಲಿ ಮಾಡಿಸಿದ್ರು. ಆ ಅಂಗಡಿಯಾಂವ ಇವರು ದೂರಿಂದ ಬರೂದು ಕಂಡ್ರ ಶಟರ್ ಎಳೀತಿದ್ದ.

ನಾನು ಮೀಟರ್ ಹಚ್ಚಿ ನೋಡಿದೆ. ಎಂಜಿನ್ ಚಾಲೂ ಮಾಡಿ ರೇಸ್ ಮಾಡಿದ್ರ ವೋಲ್ಟೇಜ್ ನೆಟ್ಟಗ ಏರತಿತ್ತು, ಅಂದ್ರ ಚಾರ್ಜಿಂಗ್ ಚಲೋ ಐತಿ. ಕೀಲಿ ತಗದು ನೋಡಿದೆ, ಕರೆಂಟು ಎಲ್ಲೂ ಸೋರಾಕತ್ತಿಲ್ಲ. ಒಂದು ರಾತ್ರಿ ಅಂಗಡ್ಯಾಗ ಬಿಡ್ರಿ ಅಂದೆ. ಮುಂಜಾನೆ ಒಂದ ಒತ್ತಿಗಿ ಚಾಲೂ ಆತು. ಮನಿಗಿ ಒಯ್ದ್ರು, ಮರುದಿನ ಮತ್ತ ಸತ್ತಿತ್ತು.

ಮಾಸ್ತರ್ ನನ್ನ ಕಿವ್ಯಾಗ ಹೇಳಿದ್ರು, "ಬಾಜೂ ಮನಿಯಾಂವನ ಮ್ಯಾಲೆ ನನಗ ಸಂಶೆ ಐತಿ. ಅವ ನನ್ನ ಗಾಡಿಗಿ ವಾಯರ್ ಹಚ್ಚಿ ಕರೆಂಟು ಕದೀತಾನ. ಇವತ್ತ ಒಂದು ನಿಕಾಲಿ ಮಾಡಾವ."

ಇನ್ನ ಓಣ್ಯಾಗ ಹೊಡದಾಟ ಆಗತೈತಿ ಅಂತ ನನಗ ಗಾಬರಿ ಆತು. ತಡೀರಿ ಅಂತ ಮತ್ತೊಮ್ಮಿ ಗಾಡಿ ಸುತ್ತ ತಿರಗಿದೆ. ಹ್ಯಾಂಡಲ್ ಮ್ಯಾಲಿನ ಲೈಟಿನ ಸ್ವಿಚ್ಚಿಗಿ ಏನೋ ಬೆಳ್ಳಗ ಹತ್ತಿತ್ತು. ಕೀಲಿಗೂ ಹತ್ತಿತ್ತು.

"ಮಾಸ್ತರ್ರ, ಸಾಲ್ಯಾಗ ಬರದ ಕೈ ತೊಳಕೊಳ್ದ ಗಾಡಿ ಹೊಡೀತೀರೇನು? ಸೀಮಿಸುಣ್ಣ ಹತ್ತೇತಿ."

ಅವರು ಮುಟ್ಟಿ ನೋಡಿದ್ರು, ಮೂಸಿ ನೋಡಿದ್ರು. "ಇದು ಸೀಮಿಸುಣ್ಣ ಅಲ್ಲೋ ಮಾರಾಯಾ. ಜ್ವಾಳದ ಹಿಟ್ಟು!"

ಆ ಸಂಜಿಕ ಇಬ್ಬರೂ ಅವರ ಮನಿಗಿ ಹೋದ್ವಿ. ಗಾಡಿ ಪಡಸಾಲ್ಯಾಗ ನಿಲ್ಲಿಸಿ, ಕೀಲಿ ಗ್ವಾಡಿ ಮೊಳಿಗಿ ತೂಗಹಾಕಿ, ಚಹಾ ಕುಡ್ಯಾಕ ಅಂತ ಹಿತ್ತಲ ಕಟ್ಟಿಗಿ ಹೋಗಿ ಕುಂತ್ವಿ. ಸ್ವಲ್ಪ ಹೊತ್ತಿಗಿ ಟಪ್ ಟಪ್ ಅಂತ ರೊಟ್ಟಿ ಬಡಿಯೂ ಶಬ್ದ ಬಂತು. ಮೆಲ್ಲಕ ಬಂದು ಹಣಿಕಿ ಹಾಕಿದ್ವಿ. ಗಾಡಿ ಹೆಡ್‌ಲೈಟ್ ಅಡಗಿ ಮನಿ ಕಡೆ ಮಾರಿ ಮಾಡಿ ಉರ್ಯಾಕತ್ತಿತ್ತು. ಆ ಬೆಳಕಿನ್ಯಾಗ ಮಾಸ್ತರ ಅವ್ವ, ಮುದುಕಿ, ನಾಟಕದ ಸ್ಟೇಜಿನ ಮ್ಯಾಲೆ ಕುಂತಂಗ ಕುಂತು ರೊಟ್ಟಿ ಬಡ್ಯಾಕತ್ತಿದ್ಲು.

"ಯವ್ವಾ!" ಅಂತ ಮಾಸ್ತರ್ ಚೀರಿದ್ರು. "ನನ್ನ ಬ್ಯಾಟ್ರಿ ತಿನ್ನಾಕಿ ನೀನ ಏನು?"

ಮುದುಕಿ ರೊಟ್ಟಿ ಹಂಚಿಗಿ ಹಾಕಿ, ನನ್ನ ಕಡೆ ಹೊಳ್ಳಿ ಸಮಾಧಾನದಿಂದ ಅಂದ್ಲು, "ನಮ್ಮ ಮಗಾ ಗಾಡಿ ಬ್ಯಾಟ್ರಿ ಮತ್ತ ಮತ್ತ ಬದಲಿ ಮಾಡ್ತಾನ್ರಿ. ಒಮ್ಮೆರೆ ಅಡಗಿ ಮನಿ ಬಲ್ಬ್ ಬದಲಿ ಮಾಡಿಲ್ಲ."

ಹಾಲಿನವನ ಹಾರ್ನ್

ರಿಪೇರಿ ಮಾಡಿ ಬೈಸಿಕೊಂಡದ್ದು ಮುದ್ದೇಬಿಹಾಳದಾಗ.

ಅಲ್ಲಿ ಒಬ್ಬ ಹಾಲು ಮಾರಾಂವ ಗಾಡಿಗಿ ಎರಡೂ ಕಡೆ ಕ್ಯಾನ್ ಕಟಗೊಂಡು ಓಣಿ ಓಣಿ ತಿರಗತಿದ್ದ. ಅವನ ಗಾಡ್ಯಾಗ ಚಾರ್ಜಿಂಗ್ ಭಾಳ ದಿನದಿಂದ ಅರ್ಧಮರ್ಧ ಇತ್ತು. ಅದಕ್ಕ ಹಾರ್ನ್ ಒತ್ತಿದ್ರ ಹಾರ್ನಿನ ಶಬ್ದ ಬರತಿರಲಿಲ್ಲ, ಆಗ ಹುಟ್ಟಿದ ಎಮ್ಮಿ ಕರುವಿನ ಗತಿ "ಭ್ಞ್ಯಾಂ..." ಅಂತ ಒಂದು ನರಳಾಟ ಬರತಿತ್ತು. ಒಂದಿನ ಗಾಡಿ ಪೂರ್ತಿ ನಿಂತು, ತಳ್ಳಿಕೋತ ಅಂಗಡಿಗಿ ತಂದ. ಬ್ಯಾಟ್ರಿಗಿ ಕರೆಂಟು ಹದಮಾಡಿ ಕಳಸೂ ಯುನಿಟ್ ಹಾಳಾಗಿತ್ತು. ಹೊಸಾದು ಹಾಕಿದೆ, ಬ್ಯಾಟ್ರಿ ಚಾರ್ಜ್ ಮಾಡಿದೆ. ಕೈ ಚಲೋ ಆಡಿತ್ತು, ಉಮೇದಿಲೆ ಹಾರ್ನ್ ಸೈತ ಬಿಚ್ಚಿ ಒರಸಿ ಬಿಗಿ ಮಾಡಿದೆ. ಒತ್ತಿದ್ರ "ಪೀಂ!" ಅಂತ ಮಿಠಾಯಿ ಮುರದಂಗ ಶಬ್ದ. ಹಾಲಿನಾಂವ ಖುಷಿಲೆ ಹೋದ.

ಮರುದಿನ ಇನ್ನೂ ಅಂಗಡಿ ಕಸಾ ಹೊಡ್ಯಾಕತ್ತಿದ್ದೆ, ಬಂದ. ಎರಡೂ ಕ್ಯಾನ್ ತುಂಬಿದ್ದು ತುಂಬಿದಂಗ ಇದ್ವು. ಮಾರಿ ಕೆಂಪಾಗಿತ್ತು.

"ಏನ ಮಾಡಿದಿ ಮಾರಾಯಾ ನನಗ!"

"ಯಾಕ, ಹಾರ್ನ್ ಹೊಡ್ಯಾಕತ್ತಿಲ್ಲೇನು?"

"ಹೊಡ್ಯಾಕತ್ತೈತಲ್ಲ, ಅದ ತ್ರಾಸ ಆಗೇತಿ! ಓಣ್ಯಾಗ ಹೋಗಿ ಪೀಂ ಅನಸ್ತೇನಿ, ಒಬ್ಬಾಕೀನೂ ಹೊರಗ ಬರವಲ್ಲಳು. ನಾ ಬಂದೇನಿ ಅಂತ ಯಾರಿಗೂ ಗೊತ್ತ ಆಗವಲ್ದು. ಒಬ್ಬಾಕಿ ಬಂದ್ಲು, ಖಾಲಿ ಗ್ಯಾಸ್ ಸಿಲಿಂಡರ್ ಉಳ್ಳಿಸ್ಕೋತ ಬಂದ್ಲು! ಇಷ್ಟ ಹಾಲು ನಾ ಈಗ ಏನ ಮಾಡ್ಲಿ? ನಿನ್ನ ಮ್ಯಾಲೆ ಸುರೀಲೇನು?"

ಬಿಸಲು ಏರಾಕತ್ತಿತ್ತು. ಹಾಲು ಒಡದ್ರ ಅವನ ಒಂದಿನದ ದುಡಿಮಿ ಹೋಗತಿತ್ತು. ನಾನು ಲಗೂನ ಸ್ಕ್ರೂ ಡ್ರೈವರ್ ತಗೊಂಡು ಕುಂತೆ. ಕೆಟ್ಟದ್ದು ಚಲೋ ಮಾಡೂದು ಕಲ್ತಿದ್ದೆ, ಚಲೋ ಇದ್ದದ್ದು ಅಳತಿ ಹಿಡದು ಕೆಡಸೂದು ಯಾರೂ ಕಲಿಸಿರಲಿಲ್ಲ. ಹಾರ್ನಿನ ಹಿಂದಿನ ಸ್ಕ್ರೂ ಸ್ವಲ್ಪ ಸ್ವಲ್ಪ ತಿರುವೂದು, ಒತ್ತೂದು. "ಇದು ಆಡಿನ ದನಿ ಆತು" ಅಂತಿದ್ದ ಅವ. ಮತ್ತ ತಿರುವಿದ್ರ, "ಇದು ನಮ್ಮ ಮಾವ ಕೆಮ್ಮಿದಂಗ ಆತು. ಇನ್ನೊಂದೀಟು ಕೆಳಗ ಇಳಸು." ಆಗ ಆತು, ಈಗ ಆತು ಅನ್ಕೋತ ನನಗೂ ಅವನಿಗೂ ವಾದ ಹತ್ತಿತು. ಕಡೀಕ ಒಮ್ಮಿ ತಿರುವಿ ಒತ್ತಿದೆ. "ಭ್ಞ್ಯಾಂ..."

ಅಂಗಡಿ ಹಿಂದಿನ ಓಣಿಯಿಂದ ಒಬ್ಬ ಅಜ್ಜಿ ತಂಬಿಗಿ ಹಿಡಕೊಂಡು ಓಡಿ ಬಂದು, "ಯಾಕೋ, ಇವತ್ತ ಇಷ್ಟ ತಡಾ ಮಾಡಿದಿ?" ಅಂದ್ಲು.

ನನಗಂತೂ ಅಂಥಾ ಸರ್ಟಿಫಿಕೇಟ್ ಮತ್ತ ಸಿಕ್ಕಿಲ್ಲ.

ಹಸರು ವಾಯರ್

ಬಾಗೇವಾಡಿಯೊಳಗ ಅಂಗಡಿ ಹಾಕಿದ ಹೊಸದ್ರಾಗ ಒಬ್ಬ ಕುರಿ ಕಾಯೋ ಕಾಕಾ ಗಿರಾಕಿ ಆದ. ಹೆಗಲ ಮ್ಯಾಲೆ ಕಂಬಳಿ, ತಲಿಗಿ ರುಂಬಾಲ, ಕಾಲಾಗ ಜರ್ ಜರ್ ಅನ್ನೂ ಜಿರಕಿ ಚಪ್ಪಲ್, ಕುಂಡ್ರಾಕ ಹೊಸಾ ಮಾಡೆಲ್ ಗಾಡಿ. ಗಾಡಿ ತೊಂದ್ರಿ ಏನಂದ್ರ, ಹಾರ್ನ್ ಒತ್ತಿದ್ರ ಇಂಡಿಕೇಟರ್ ಮಿಣುಕತಿತ್ತು, ಇಂಡಿಕೇಟರ್ ಹಾಕಿದ್ರ ಹೆಡ್‌ಲೈಟ್ ಕಣ್ಣು ಮುಚ್ಚತಿತ್ತು. ಹಿಂಗ ಒಂದರ ಬದಲಿ ಒಂದು ಆತಂದ್ರ ಅರ್ಥಿಂಗ್ ಬಿಟ್ಟೈತಿ ಅಂತ ಅರ್ಥ. ಟ್ಯಾಂಕ್ ಮುಂದ ಬಗ್ಗಿ ನೋಡಿದೆ. ಅರ್ಥಿಂಗಿನ ಹಸರು ವಾಯರ್ ಹಲ್ಲಿಲೆ ಕಡದಂಗ ಹರದಿತ್ತು.

"ಕಾಕಾ, ಇಲಿ ಕಡದೈತಿ."

"ನಾವು ಅಡವ್ಯಾಗ ಇರಾವ್ರಪ್ಪಾ. ನಮ್ಮ ನಾಯಿಗಿ ಅಂಜಿ ತ್ವಾಳ ಬರೂದಿಲ್ಲ, ಇಲಿ ಎಲ್ಲಿಂದ ಬರಬೇಕು?"

ಜೋಡಿಸಿ ಕಳಿಸಿದೆ. ಎಂಟ ದಿನಕ್ಕ ಮತ್ತ ಬಂದ. ಮತ್ತ ಹಸರು ವಾಯರ್, ಮತ್ತ ಹಲ್ಲಿನ ಗುರುತು. ಬಾಜೂಕಿನ ಕೆಂಪು, ಕರಿ, ಹಳದಿ ಎಲ್ಲಾ ನೆಟ್ಟಗ ಅದಾವು. ನನಗ ತಲಿ ತಿರಗಿತು. ಬಣ್ಣ ನೋಡಿ ಕಡಿಯೂ ಇಲಿ ನಾ ಎಲ್ಲೂ ನೋಡಿರಲಿಲ್ಲ.

ಮೂರನೇ ಸಲ ಬಂದಾಗ ಕಾಕಾ ಗಾಡಿ ಟ್ಯಾಂಕ್ ಮ್ಯಾಲೆ ಒಂದು ಆಡಿನ ಮರಿ ಕುಂಡ್ರಿಸ್ಕೊಂಡು ಬಂದಿದ್ದ. ತಾಯಿ ಇಲ್ಲದ ಮರಿಯಂತ, ಎಲ್ಲಿ ಹೋದ್ರೂ ಕೂಡ ಕರ್ಕೊಂಡು ಹೋಗತಾನಂತ. ಅವ ನನ್ನ ಕೂಡ ಮಾತಾಡೂತನ ಮರಿ ಕುತಗಿ ಚಾಚಿ, ಹ್ಯಾಂಡಲ್ ಕೆಳಗ ಬಾಯಿ ಹಾಕಿ, ಗಂಟಿನ್ಯಾಗಿಂದ ಬರೋಬ್ಬರಿ ಹಸರು ವಾಯರ್ ಆರಿಸಿ ಎಳಕೊಂಡು ಮೆಲ್ಲಾಕ ಸುರು ಮಾಡ್ತು.

"ಕಾಕಾ! ಕಳ್ಳ ಸಿಕ್ಕ!" ಅಂತ ಚೀರಿದೆ.

ಕಾಕಾ ಬಗ್ಗಿ ನೋಡಿದ. ಸಿಟ್ಟ ಬಂದೀತು, ಒಂದು ಏಟು ಹಾಕ್ಯಾನು ಅನ್ಕೊಂಡೆ. ಅವ ಮರಿ ತಲಿ ಸವರಿ, ಮಗಾ ಪಾಸಾದ ಅಪ್ಪನ ಗತಿ ಎದಿ ಉಬ್ಬಿಸಿ ಅಂದ, "ಇಷ್ಟ ವಾಯರಿನ್ಯಾಗ ಅರ್ಥಿಂಗ್ ಯಾವುದು ಅಂತ ನೋಡಿದ ಕೂಡ್ಲೆ ಹಿಡೀತೈತಿ ನೋಡು! ನಿನಗ ಎಷ್ಟ ಹೊತ್ತ ಹಿಡಿದಿತ್ತು? ಬೇಕಾದ್ರ ಕೆಲಸಕ್ಕ ಇಟಗೋ."

ನೋಡಾಕ ಹೋದದ್ದು

ಅಂಗಡಿ ನಡಿಯಾಕ ಹತ್ತಿದ ಮ್ಯಾಲೆ ನಮ್ಮವ್ವಗ ಒಂದ ಚಿಂತಿ, ಮಗನ ಲಗ್ನ. ಕನ್ಯಾ ನೋಡೂ ಕೆಲಸ ನಮ್ಮ ಸೋದರಮಾವ ಹಿಡದಿದ್ದ. ಮೊದಲ ಒಂದು ಕಡೆ ಹೋಗಿದ್ವಿ. ಅಲ್ಲಿ ಹಿರ್ಯಾರು ಮಾತಾಡುವಾಗ ಹೊರಗ ಯಾವುದೋ ಗಾಡಿ ಚಾಲೂ ಆಗದ ಒದ್ದಾಡಾಕತ್ತಿತ್ತು. ನನಗ ತಡಕೊಳ್ಳಾಕ ಆಗಲಿಲ್ಲ, ಎದ್ದು ಹೋಗಿ ಪ್ಲಗ್ ಬಿಚ್ಚಿದೆ. ಆ ಸಂಬಂಧ ಅಲ್ಲಿಗೇ ಮುಗೀತು.

ಅದಕ್ಕ ಇನ್ನೊಂದು ಕನ್ಯಾ ನೋಡಾಕ ಮಸೂತಿ ಅನ್ನೂ ಊರಿಗಿ ಹೊಂಟಾಗ ಮಾವ ಹಾದಿ ತುಂಬ ತಾಕೀತು ಮಾಡಿದ. "ನೋಡಲೇ, ಇದು ಚಲೋ ಮನಿತನ. ಹುಡುಗಿ ಶಾಣ್ಯಾ ಅದಾಳಂತ. ಅಲ್ಲಿ ಗಾಡಿ ಅನ್ನೂ ಶಬ್ದ ನಿನ್ನ ಬಾಯಿಂದ ಬರಬಾರದು. ನೆಲ ನೋಡ್ಕೋತ ಕುಂಡರಬೇಕು. ಕೇಳಿದ್ರ ಅಷ್ಟ ಹೂಂ ಅನಬೇಕು."

"ಹೂಂ" ಅಂದೆ.

ಬಿಳಿ ಅಂಗಿ ಇಸ್ತ್ರಿ ಮಾಡಿಸ್ಕೊಂಡು ಹೋಗಿದ್ದೆ. ಪಡಸಾಲ್ಯಾಗ ಜಮಖಾನಿ ಹಾಸಿದ್ರು. ನೆಲ ನೋಡ್ಕೋತ ಕುಂತೆ. ಹುಡುಗಿ ಅಪ್ಪ ಗಂಭೀರ ಮನಷ್ಯಾ. ಮಳಿ ಬೆಳಿ ಮಾತು ಆದ್ವು, ತೊಗರಿ ಮಾತು ಆದ್ವು. ಆಮ್ಯಾಗ ಅವರು, "ಹುಡುಗ ಏನ್ ಮಾಡತಾನಂದ್ರಿ?" ಅಂತ ಕೇಳಿದ್ರು.

"ಮೋಟರ್‌ಸೈಕಲ್ ಕರೆಂಟಿನ ಕೆಲಸ" ಅಂದ ಮಾವ.

ಅವರು ಸ್ವಲ್ಪ ಮುಂದ ಸರದು ಕುಂತ್ರು. "ಹಂಗೇನು? ನಮ್ಮ ಗಾಡಿ ಬ್ಯಾಟ್ರಿ ಹೊಸಾದ್ರಿ. ಆದ್ರೂ ಎರಡು ದಿನಕ್ಕ ಸಾಯತೈತಿ. ಭಾಳ ಮಂದಿಗಿ ತೋರಿಸಿದೆ."

ನಾನು ನೆಲ ನೋಡಾಕತ್ತಿದ್ದೆ. ಆಣಿ ಮಾಡಿ ಹೇಳತೇನಿ, ನನ್ನ ಬಾಯಿಂದ ಒಂದೂ ಶಬ್ದ ಬರಲಿಲ್ಲ. ಮಾವಗ ತಡಕೊಳ್ಳಾಕ ಆಗಲಿಲ್ಲ. ತೊಡಿ ತಟ್ಟಿ ಅಂದ, "ಏ, ಇಷ್ಟೇನ! ಚಹಾ ಬರೂದ್ರಾಗ ನಮ್ಮ ಹುಡುಗ ಮಾಡಿ ಒಗೀತಾನ. ಏಳೋ!"

ಎದ್ದೆ. ಈಗ ಇದು ಕನ್ಯಾ ನೋಡೂದಲ್ಲ, ನನ್ನ ಪರೀಕ್ಷಾ ಅಂತ ಗೊತ್ತಾತು. ಆಗಲಿಲ್ಲಂದ್ರ ಇವರು ಮಗಳ್ನ ಕೊಡೂದು ಹಂಗ ಇರಲಿ, ಊರ ತುಂಬ "ಆ ಮಿಸ್ತ್ರಿಗಿ ಏನೂ ಬರೂದಿಲ್ಲ" ಅಂತ ಆಗತಿತ್ತು. ನನ್ನ ಗಾಡಿ ಡಬ್ಬಿಯೊಳಗಿನ ಮೀಟರ್ ತಂದು ಬ್ಯಾಟ್ರಿಗಿ ಹಚ್ಚಿ, ಸೀಟ್ ಮ್ಯಾಲೆ ಇಟ್ಟೆ. ಎಂಜಿನ್ ಚಾಲೂ ಮಾಡಿ ರೇಸ್ ಮಾಡಿದೆ. ಮೀಟರಿನ ಅಂಕಿ ಒಂದೀಟೂ ಏರಲಿಲ್ಲ. ಎಂಜಿನ್ನಿನ ಕಾಯಿಲಿನಿಂದ ಕರೆಂಟು ಬ್ಯಾಟ್ರಿತನ ಬರಾಕತ್ತಿಲ್ಲ.

ಅಷ್ಟರಾಗ ಓಣ್ಯಾಗ ಸುದ್ದಿ ಹಬ್ಬಿತ್ತು. "ಬಾಗೇವಾಡಿ ಮಿಸ್ತ್ರಿ ಬಂದಾನ, ಕರೆಂಟಿನ ಕೆಲಸ ಮಾಡಾಕತ್ತಾನ." ಯಾಕ ಬಂದಾನ ಅನ್ನೂದು ಯಾರಿಗೂ ಬೇಕಾಗಿರಲಿಲ್ಲ. ಬೇವಿನ ಗಿಡದ ಕೆಳಗ ಗಾಡಿ ಸಾಲ ಹಚ್ಚಿ ನಿಂತ್ವು. ಒಬ್ಬನ ಗಾಡಿ ಹಾರ್ನ್ ಇಲ್ಲ, ಒಬ್ಬನ ಗಾಡಿ ಬ್ರೇಕ್ ಲೈಟ್ ಆರೂದ ಇಲ್ಲ. ಒಬ್ಬ ಹೆಣಮಗಳು ಸ್ಕೂಟಿ ತಂದು ನಿಲ್ಲಿಸಿ, "ನಂದೂ ಐತಿ, ಮರೀಬ್ಯಾಡ್ರಿ ಯಣ್ಣಾ" ಅಂತ ಹೇಳಿ ನೀರಿಗಿ ಹೋದ್ಲು.

ನಾನು ಅಂಗಿ ತೋಳು ಏರಿಸಿ, ನೆಲಕ್ಕ ಕುಂತು, ಬಾಜೂಕಿನ ಕವರ್ ಬಿಚ್ಚಿ ಒಳಗ ತಲಿ ಹಾಕಿದೆ. ಕಾಯಿಲಿನ ವಾಯರೂ ಯುನಿಟ್ಟಿನ ವಾಯರೂ ಕೂಡೋ ಸಾಕೆಟ್ ಕಾವಿಗಿ ಕರಗಿ, ಒಳಗ ಪಿನ್ ಸುಟ್ಟು ಕರ್ರಗಾಗಿತ್ತು. ಸಾಕೆಟ್ ಕತ್ತರಿಸಿ, ತಂತಿ ಒರಸಿ, ಒಂದೊಂದ ಜೋಡಸಾಕ ಹತ್ತಿದೆ. ಆಗ ಬಾಜೂ ಯಾರೋ ಬಂದು ನಿಂತಂಗಾತು. ಎರಡು ಪಾದ ಅಷ್ಟ ಕಾಣತಿದ್ವು, ಹೆಣಮಗಳ ಪಾದ. ಸ್ಕೂಟಿಯಾಕಿ ನೀರು ತುಂಬ್ಕೊಂಡು ಬಂದ್ಲು ಅಂತ ತಿಳದೆ.

"ಸ್ವಲ್ಪ ಬಾಜೂ ಸರೀರಿ ಯಕ್ಕಾ, ಬೆಳಕಿಗಿ ಅಡ್ಡ ಆಗತೈತಿ" ಅಂದೆ.

ಪಾದ ಸರದ್ವು. ಕಡೀ ತಂತಿ ಕೂಡಿಸಿ ಟೇಪ್ ಸುತ್ತಿದೆ.

"ಕೈ ಖಾಲಿ ಅದಾವೇನ್ರಿ?"

"ಇಲ್ರಿ, ಚಹಾ ಅದಾವು."

"ಅದನ್ನ ಕೆಳಗಿಡ್ರಿ ಯಕ್ಕಾ, ಚಹಾ ಎಲ್ಲೂ ಓಡಿ ಹೋಗೂದಿಲ್ಲ. ಸೆಲ್ಫ್ ಒತ್ತಿ ಆ ಆಕ್ಸಿಲೇಟರ್ ಹಿಡೀರಿ. ಹಾಂ, ಮೆಲ್ಲಕ. ಇನ್ನೊಂದೀಟು ತಿರುವ್ರಿ. ಏ, ಅಷ್ಟ ಅಲ್ಲ! ಹಾಂ, ಹಿಂಗ. ಈಗ ಸೀಟ್ ಮ್ಯಾಲಿನ ಮೀಟರ್ ನೋಡ್ರಿ, ಎಷ್ಟ ತೋರಸಾಕತ್ತೈತಿ?"

"ಹನ್ನೆರಡೂವರಿ... ಹದಿಮೂರು... ಏರಾಕತ್ತೈತ್ರಿ! ಹದಿನಾಲ್ಕು!"

"ಬಂತು!" ಅಂತ ಚೀರಿದೆ. "ಚಾರ್ಜಿಂಗ್ ಬಂತು! ಭಾಳ ಉಪಕಾರ ಆತು ಯಕ್ಕಾ. ನಿಮ್ಮಷ್ಟ ಬರೋಬ್ಬರಿ ಆಕ್ಸಿಲೇಟರ್ ಇಲ್ಲೀತನ ಯಾರೂ ಹಿಡದಿಲ್ಲ. ಈಗ ಹೇಳ್ರಿ, ನಿಮ್ಮ ಗಾಡಿಗಿ ಏನಾಗೇತಿ?"

"ನಂದು ಗಾಡಿ ಇಲ್ರಿ."

"ಮತ್ತ ಯಾಕ ಬಂದೀರಿ?"

"ನನ್ನ ನೋಡಾಕ ಬಂದಾರ ಅಂತ ಹೇಳಿದ್ರು. ಹೊಸಾ ಸೀರಿ ಉಟ್ಕೊಂಡು, ಹೂವ ಮುಡಕೊಂಡು, ಭಾಳ ಹೊತ್ತ ಒಳಗ ಕುಂತೆ. ನೋಡಾವ್ರು ಬರಲಿಲ್ಲ. ಅದಕ್ಕ ನಾನ ನೋಡಾಕ ಬಂದೆ."

ನಾನು ಗಡಬಡಿಸಿ ಏಳಾಕ ಹೋಗಿ ತಲಿ ಫುಟ್‌ರೆಸ್ಟಿಗಿ ಹೊಡಕೊಂಡೆ. ಮ್ಯಾಲೆ ನೋಡಿದ್ರ ಹಸರು ಸೀರಿ, ಮಲ್ಲಿಗಿ ಹೂವ, ಒಂದು ಕೈಯಾಗ ಇನ್ನೂ ಆಕ್ಸಿಲೇಟರ್. ನನ್ನ ಬಿಳಿ ಅಂಗಿ ಕರ್ರಗಾಗಿತ್ತು, ಮೂಗಿನ ಮ್ಯಾಲೆ ಗ್ರೀಸ್ ಇತ್ತು. ಬಾಗಲದಾಗ ಹಿರ್ಯಾರೆಲ್ಲಾ ಬಂದು ನಿಂತಿದ್ರು. ಮಾವ ಹಣಿಗಿ ಕೈ ಹಚ್ಚಿ ಕಣ್ಣು ಮುಚ್ಚಿದ್ದ. ಗಿಡದ ಕೆಳಗಿಂದ ಒಬ್ಬ, "ಲಗ್ನದ ಮಾತು ಆಮ್ಯಾಗ ಆಡ್ರಿ. ನಂದೊಂದು ಹಾರ್ನ್ ನೋಡಿ ಬಿಡಲಿ" ಅಂದ.

ಹುಡುಗಿ ಅಪ್ಪ ಅವನ್ನ ಗುರ್ರ ಅಂತ ನೋಡಿದ್ರು. ಆಮ್ಯಾಗ ತಮ್ಮ ಗಾಡಿ ಹತ್ರ ಬಂದು, ಎಂಜಿನ್ ಬಂದ್ ಮಾಡಿ, ಸೆಲ್ಫ್ ಒತ್ತಿದ್ರು. ಚಾಲೂ ಆತು. ಬಂದ್ ಮಾಡಿ ಮತ್ತ ಒತ್ತಿದ್ರು. ಮತ್ತ ಚಾಲೂ ಆತು. ಅವರ ಮಾರಿ ಸಡ್ಲ ಆತು. ಮಗಳ ಕಡೆ ಹೊಳ್ಳಿ, "ಯವ್ವಾ, ನನಗಂತೂ ಅಡ್ಡಿ ಇಲ್ಲ. ನೀ ಏನಂತಿ?" ಅಂದ್ರು.

ಆಕಿ ಸೆರಗಿನ ತುದೀಲೆ ಬಾಯಿ ಮುಚ್ಚಿ ನಗು ತಡಕೊಂಡು ಹೇಳಿದ್ಲು, "ಮೊದಲು ಬಂದಾವ್ರೆಲ್ಲಾ ಹಾಡು ಬರತೈತೇನು, ಅಡಗಿ ಬರತೈತೇನು, ಸ್ವಲ್ಪ ನಡದು ತೋರಸು ಅಂದ್ರು. ಇವರು ಬಂದ ಕೂಡ್ಲೆ ನನ್ನ ನಂಬಿ ಕೆಲಸಕ್ಕ ಹಚ್ಚಿದ್ರು. ನನಗ ಒಪ್ಪಿಗಿ ಐತಿ ಅಪ್ಪಾ. ಆದ್ರ ಲಗ್ನ ಆದ ಮ್ಯಾಲರೆ ಯಕ್ಕಾ ಅನ್ನೂದು ಬಿಡಾಕ ಹೇಳ್ರಿ."